ಮಗು ಟಿವಿ ನೋಡಲಿ, ನೀವು ಮಗುವನ್ನು ನೋಡಿ

ಕಕ್ಕಡದ (ಆಟಿ ತಿಂಗಳ) ಮಳೆ ಹಿಡಿದರೆ ಕೊಡಗಿನ ನಮ್ಮ ವಿರಾಜಪೇಟೆ ಕಡೆ ಅಂಗನವಾಡಿಗೆ ಮಕ್ಕಳು ಬರುವುದೇ ಕಡಿಮೆ. ಮನೆಯಲ್ಲಿ ಟಿವಿ ಓಡುತ್ತಿರುತ್ತದೆ. "ಟೀಚರೇ, ಯಾವ ಕಾರ್ಯಕ್ರಮ ಹಾಕೋದು?" ಅಂತ ತಾಯಂದಿರು ಕೇಳುತ್ತಾರೆ. ಮಗುವಿನ ಗಮನ ಎಲ್ಲಿ ನಿಲ್ಲುತ್ತದೆ ಅಂತ ನೀವೇ ಪರೀಕ್ಷೆ ಮಾಡಿ ನೋಡಿ ಅನ್ನುತ್ತೇನೆ.

ಈ ಪರೀಕ್ಷೆ ಅಮೆರಿಕದ್ದು. 1966ರಲ್ಲಿ ನ್ಯೂಯಾರ್ಕಿನ ಟಿವಿ ನಿರ್ಮಾಪಕಿ ಜೋನ್ ಗಾಂಜ್ ಕೂನಿ ಮನೆಗೆ ಮನಶ್ಶಾಸ್ತ್ರಜ್ಞ ಲಾಯ್ಡ್ ಮಾರಿಸೆಟ್ ಊಟಕ್ಕೆ ಬಂದಿದ್ದರು. ಮಾರಿಸೆಟ್ ಅವರ 3 ವರ್ಷದ ಮಗಳು ಬೆಳಿಗ್ಗೆ ಕಾರ್ಟೂನ್ ಶುರುವಾಗುವ ಮುಂಚೆಯೇ ಎದ್ದು, ಪರದೆ ಮೇಲಿನ ಟೆಸ್ಟ್ ಪ್ಯಾಟರ್ನ್ (ಕಾರ್ಯಕ್ರಮ ಇಲ್ಲದಾಗ ತೋರಿಸುವ ನಿಂತ ಚಿತ್ರ) ನೋಡುತ್ತಾ ಕೂರುತ್ತಿದ್ದಳಂತೆ. ಇಷ್ಟು ಹಿಡಿಯುವ ಟಿವಿ ಪಾಠ ಕಲಿಸೀತೇ ಅಂತ ಮಾತು ಬೆಳೆಯಿತು. 1969ರ ನವೆಂಬರ್ 10ಕ್ಕೆ 'ಸೆಸಮಿ ಸ್ಟ್ರೀಟ್' ಎಂಬ ಮಕ್ಕಳ ಕಾರ್ಯಕ್ರಮ ಶುರುವಾಯಿತು.

ಅದಕ್ಕೂ ಮುಂಚೆ ಎಡ್ವರ್ಡ್ ಪಾಮರ್ ಎಂಬ ಸಂಶೋಧಕರು ಟಿವಿ ಪಕ್ಕದಲ್ಲೇ ಇನ್ನೊಂದು ಪರದೆ ಇಟ್ಟು, ಏಳೂವರೆ ಸೆಕೆಂಡಿಗೊಂದು ಸ್ಲೈಡ್ ಬದಲಿಸುತ್ತಿದ್ದರು. ಮಗುವಿನ ಕಣ್ಣು ಯಾವಾಗ ಆ ಕಡೆ ಜಾರುತ್ತದೆ ಅಂತ ಬರೆದಿಡುತ್ತಿದ್ದರು.

ನಮಗೆ ಸ್ಲೈಡ್ ಬೇಡ, ಮದುವೆ ಆಲ್ಬಂ ಸಾಕು. ಟಿವಿ ಪಕ್ಕ ಸ್ವಲ್ಪ ಓರೆಯಾಗಿ ಕೂತು ಆಲ್ಬಂ ಮಗುವಿಗೆ ಕಾಣುವಂತೆ ಹಿಡಿಯಿರಿ. ಮನಸ್ಸಿನಲ್ಲೇ ಏಳು ಎಣಿಸಿ ಪುಟ ತಿರುವಿ. ಕರೆಯಬೇಡಿ, ಸುಮ್ನೆ ತಿರುವುತ್ತಿರಿ. ಮಗು ಈ ಕಡೆ ತಿರುಗಿದಾಗ ಟಿವಿಯಲ್ಲಿ ಏನಿತ್ತು ಅಂತ ಗುರುತು ಹಾಕಿಕೊಳ್ಳಿ.

ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆ) ಒಂದು ಹುಡುಗಿಗೆ ಹೀಗೇ ಮಾಡಿದ್ದೆ. ಆನೆ ಹಾಡು ಬಂದಾಗ ರೆಪ್ಪೆ ಬಡಿಯಲಿಲ್ಲ. ದೊಡ್ಡವರಿಬ್ಬರು ನಿಂತು ಮಾತಾಡಲು ಶುರು ಮಾಡಿದ್ದೇ ತಡ, ಆಲ್ಬಮಿನಲ್ಲಿ ಪೀಚೆಕತ್ತಿ (ಕೊಡವರ ಸೊಂಟದ ಕಠಾರಿ) ಸಿಕ್ಕಿಸಿಕೊಂಡ ಮದುಮಗನ ಮೇಲೆ ಬೆರಳಿಟ್ಟಳು! 'ಸೆಸಮಿ ಸ್ಟ್ರೀಟ್'ನ 1969ರ ಪ್ರಾಯೋಗಿಕ ಕಂತುಗಳಲ್ಲೂ ಇದೇ ಕತೆ. ಬೀದಿಯಲ್ಲಿ ಬರೀ ಮನುಷ್ಯರಿದ್ದ ದೃಶ್ಯ ಬಂದರೆ ಮಕ್ಕಳ ಗಮನ ಹಾರಿಹೋಗುತ್ತಿತ್ತು. ಆಮೇಲೆಯೇ ಆ ಬೀದಿಗೆ 'ಬಿಗ್ ಬರ್ಡ್' ಎಂಬ ದೊಡ್ಡ ಹಳದಿ ಹಕ್ಕಿ ಬಂದದ್ದು.

ಕಣ್ಣು ನೆಟ್ಟ ಮಾತ್ರಕ್ಕೆ ಕಲಿತಂತಲ್ಲ, ಅಲ್ವಾ? ಜಾಹೀರಾತನ್ನೂ ಮಕ್ಕಳು ಹಾಗೇ ನೋಡುತ್ತಾರೆ. ಆದ್ದರಿಂದ ನಡುವೆ ನಿಲ್ಲಿಸಿ ಏನಾದರೂ ಕೇಳಿ. 1952ರಲ್ಲೇ 'ಡಿಂಗ್ ಡಾಂಗ್ ಸ್ಕೂಲ್' ಎಂಬ ಟಿವಿ ಕಾರ್ಯಕ್ರಮ ನಡೆಸುತ್ತಿದ್ದ ಫ್ರಾನ್ಸಿಸ್ ಹಾರ್ವಿಚ್ ಕ್ಯಾಮೆರಾ ನೋಡಿ ಪ್ರಶ್ನೆ ಕೇಳಿ, ಮಕ್ಕಳು ಉತ್ತರ ಹೇಳಲೆಂದು ಸುಮ್ಮನೆ ಕಾಯುತ್ತಿದ್ದರು. ಈಗಿನ ಕಾರ್ಟೂನುಗಳಿಗೆ ಅಷ್ಟು ಪುರುಸೊತ್ತು ಎಲ್ಲಿದೆ? ರಿಮೋಟ್ ನಿಮ್ಮ ಕೈಯಲ್ಲಿರಲಿ. ಕೊಡವ ತಕ್ಕೋ, ಅರೆಭಾಷೆಯೋ, ಯರವ ಮಾತೋ, ಮನೆಯಲ್ಲಿ ಆಡುವುದರಲ್ಲೇ ಕೇಳಿ.

ಒಂದೇ ಕಂತು ಮತ್ತೆ ಬೇಕೆಂದರೆ ಬೈಯಬೇಡಿ. 1996ರ 'ಬ್ಲೂಸ್ ಕ್ಲೂಸ್' ಎಂಬ ಮಕ್ಕಳ ಕಾರ್ಯಕ್ರಮ ಒಂದೇ ಕಂತನ್ನು ಐದು ದಿನ ಬೇಕೆಂದೇ ಹಾಕುತ್ತಿತ್ತು.

ಮಳೆಗಾಲದಲ್ಲಿ ಕರೆಂಟ್ ಹೋಗೇ ಹೋಗುತ್ತದೆ. ಆಗ ನೋಡಿದ್ದರ ಕತೆಯನ್ನು ಮಗುವಿನಿಂದಲೇ ಹೇಳಿಸಿ. ಬರೀ ಜಾಹೀರಾತಿನ ಬಿಸ್ಕತ್ತಿನ ಹೆಸರು ಬಂದರೆ ನಾಳೆ ಬೇರೆ ಕಾರ್ಯಕ್ರಮ ಹಾಕಿ.