180 ವೋಲ್ಟ್‌ನಲ್ಲಿ ಓಡುವ ಆಂಪ್ ಬೇಕಿತ್ತು

ಪಿಎ ಬಾಕ್ಸ್ (ಕಾರ್ಯಕ್ರಮಕ್ಕೆ ಇಡುವ ದೊಡ್ಡ ಸ್ಪೀಕರ್) ಮನೆಯಲ್ಲೇ ಮಾಡಿಕೊಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಎಷ್ಟು ವಾಟ್ಸ್ ಆಂಪ್ (ಆಂಪ್ಲಿಫೈಯರ್) ಹಾಕಲಿ?" ತೀರ್ಥಹಳ್ಳಿ, ಹೊಸನಗರದ ಕಡೆ ಪ್ರೋಗ್ರಾಂ ಮಾಡುವವರು ಅದಕ್ಕಿಂತ ಮುಂಚೆ ಇನ್ನೊಂದು ಕೇಳಿಕೊಳ್ಳಬೇಕು. ಸಂಜೆ ಏಳು ಗಂಟೆಗೆ ಆ ಊರಿನ ಪ್ಲಗ್‌ನಲ್ಲಿ ಎಷ್ಟು ವೋಲ್ಟ್ ಇರುತ್ತೆ? ನಾನು ಆಂಪ್ ಆರಿಸಿದ್ದು ಈ ಎರಡನೇ ಪ್ರಶ್ನೆ ಹಿಡಿದುಕೊಂಡೇ.

ನನ್ನ ಸೆಟ್ ದೊಡ್ಡದೇನಲ್ಲ. ಬಾಸ್‌ಗೆ 18 ಇಂಚಿನ ಸಬ್ ಎರಡು, ಒಂದೊಂದೂ 8 ಓಮ್ಸ್, 600 ವಾಟ್ಸ್ ಆರ್‌ಎಂಎಸ್ (ಒಂದೇ ಸಮ ತಾಳುವ ಪವರ್). ಡಬ್ಬಿ 18 ಎಂಎಂ ಮರೀನ್ ಪ್ಲೈವುಡ್‌ನದು, ಅದರ ಗಾಳಿ ಕಿಂಡಿ, ಅಂದರೆ ಪೋರ್ಟ್, 38 ಹರ್ಟ್ಜ್‌ಗೆ ಟ್ಯೂನ್ ಆಗಿದೆ. ಉಳಿದ ಸದ್ದಿಗೆ ಟಾಪ್ ಎರಡು, 12 ಇಂಚಿನ ವೂಫರ್ ಮತ್ತು ಹೈ ನುಡಿಸುವ ಕಂಪ್ರೆಷನ್ ಡ್ರೈವರ್, 8 ಓಮ್ಸ್, 300 ವಾಟ್ಸ್. ಕಾಲಮಿತಿ ಯಕ್ಷಗಾನ, ಗಣಪತಿ ಪೆಂಡಾಲ್, ಸ್ಕೂಲ್ ಡೇ, ಅಂಗಳದ ಮದುವೆ. ಇಷ್ಟಕ್ಕೆ ಸಾಕು.

ವಾಟ್ಸ್ ವಿಷಯ ಬೇಗ ಮುಗಿಸಿಬಿಡೋಣ. ಅಂಗಡಿಯಲ್ಲಿ ಹುಡುಗ ಆಂಪ್ ಮೇಲೆ ಕೈ ತಟ್ಟಿ "ಅಣ್ಣಾ, ಇದು 3000 ವಾಟ್ಸ್" ಅಂದ. "ಎಷ್ಟು ಓಮ್ಸ್‌ಗೆ?" ಅಂದರೆ ನಕ್ಕ. ಆ ಸಂಖ್ಯೆ ಪೀಕಾ, ಆರ್‌ಎಂಎಸ್ಸಾ? ಎರಡು ಚಾನೆಲ್ ಕೂಡಿಸಿದ್ದಾ? 2 ಓಮ್ಸ್‌ನದಾ? ಬಾಕ್ಸ್ ಮಾಡಿದವನಿಗೆ ಬೇಕಾಗಿರೋದು ಒಂದೇ ಸಾಲು. 8 ಓಮ್ಸ್‌ಗೆ, ಎರಡೂ ಚಾನೆಲ್ ಒಟ್ಟಿಗೆ ಓಡುವಾಗ, ಚಾನೆಲ್‌ಗೆ ಎಷ್ಟು ಆರ್‌ಎಂಎಸ್. ಆ ಸಾಲು ಇಲ್ಲದ ಕಾಗದವನ್ನು ನಾನು ಮಡಚಿ ವಾಪಸ್ ಕೊಡುತ್ತೇನೆ.

ಟಾಪ್‌ಗೆ ಬಾಕ್ಸ್‌ನ ಆರ್‌ಎಂಎಸ್‌ನ ಒಂದೂವರೆಯಿಂದ ಎರಡು ಪಟ್ಟು ಹಿಡಿದೆ. 300ರ ಬಾಕ್ಸ್‌ಗೆ 500ರ ಚಾನೆಲ್. ಚಂಡೆಯ ಒಂದೊಂದು ಪೆಟ್ಟೂ ಸರಾಸರಿ ಲೆವೆಲ್‌ಗಿಂತ ಎಷ್ಟೋ ಮೇಲೆ ಹಾರುತ್ತೆ. ಆಂಪ್‌ನಲ್ಲಿ ಅದಕ್ಕೆ ಜಾಗ ಇಲ್ಲದಿದ್ದರೆ ಪೆಟ್ಟಿನ ತುದಿ ಕತ್ತರಿಸಿ ಹೋಗುತ್ತೆ, ಭಾಗವತರ ಧ್ವನಿ ಒಡೆದು ಕೇಳುತ್ತೆ. ಸಣ್ಣ ಆಂಪ್ ಹಾಕಿದರೆ ಸ್ಪೀಕರ್ ಸೇಫ್ ಅಂತ ಸುಮಾರು ಜನ ನಂಬಿದ್ದಾರೆ. ಅದನ್ನೇ ಕಿರುಚಿಸುತ್ತಾ ಓಡಿಸಿದರೆ ಮೊದಲು ಹೋಗುವುದು ಕಂಪ್ರೆಷನ್ ಡ್ರೈವರ್‌ನ ಕಾಯಿಲ್. ಹೀಗೆ ತುದಿ ಕತ್ತರಿಸಿದ, ಅಂದರೆ ಕ್ಲಿಪ್ ಆದ ಸಿಗ್ನಲ್‌ನಲ್ಲಿ ಹೈ ಜಾಸ್ತಿ, ಬಿಡುವು ಕಮ್ಮಿ.

ಸಬ್‌ಗೆ 600ರಿಂದ 800ರ ಆಸುಪಾಸು. 600ರ ಬದಲು 800 ಕೊಟ್ಟರೆ ಸಿಗುವುದು ಒಂದೂಕಾಲು ಡೆಸಿಬಲ್ ಮಾತ್ರ, ಮೈದಾನದಲ್ಲಿ ಯಾರಿಗೂ ಗೊತ್ತಾಗೋದಿಲ್ಲ. ಅದಕ್ಕೇ ದುಡ್ಡಿದ್ದರೆ ದೊಡ್ಡ ಆಂಪ್ ಬೇಡ, ಅದೇ ಥರದ್ದು ಇನ್ನೊಂದು ಸಬ್ ಮಾಡಿ ಮೊದಲಿನದರ ಪಕ್ಕಕ್ಕೆ ಅಂಟಿಸಿ ಇಡಿ ಅನ್ನುತ್ತೇನೆ. ಅದಕ್ಕೂ ಅಷ್ಟೇ ಪವರ್ ಸಿಕ್ಕರೆ 6 ಡೆಸಿಬಲ್ ತನಕ ಏರುತ್ತೆ.

ಎರಡು ಸಬ್ ಪ್ಯಾರಲಲ್ ಮಾಡಿ, ಆಂಪನ್ನು ಬ್ರಿಡ್ಜ್‌ಗೆ (ಎರಡೂ ಚಾನೆಲ್ ಸೇರಿಸಿ ಒಂದಾಗಿ) ಹಾಕಿ ಅಂತ ಸಲಹೆ ಕೊಟ್ಟವರು ಇದ್ದಾರೆ. 8 ಓಮ್ಸ್‌ನವು ಎರಡು ಸೇರಿದರೆ 4. ಬ್ರಿಡ್ಜ್‌ನಲ್ಲಿ ಪ್ರತಿ ಚಾನೆಲ್‌ಗೂ ಅದರ ಅರ್ಧ ಕಾಣುತ್ತೆ, ಅಂದರೆ 2 ಓಮ್ಸ್. ಮಾರ್ಚ್ ತಿಂಗಳ ಶಾಮಿಯಾನದ ಕೆಳಗೆ 2 ಓಮ್ಸ್‌ನಲ್ಲಿ ಆಂಪ್ ಕುದಿಸುವ ಧೈರ್ಯ ನನಗಿಲ್ಲ. ಒಂದು ಚಾನೆಲ್‌ಗೆ ಒಂದೇ ಸಬ್. ಮೈಕ್‌ಸೆಟ್‌ನವರ ಹಳೇ ಆಂಪ್‌ಗಳ ಹಿಂದೆ ಹಾರ್ನ್‌ಗೆ ಅಂತ 100 ವೋಲ್ಟ್ ಲೈನ್‌ನ ಟರ್ಮಿನಲ್ ಇರುತ್ತೆ. ಅದಕ್ಕೂ ಈ ಬಾಕ್ಸ್‌ಗಳಿಗೂ ಸಂಬಂಧ ಇಲ್ಲ, ಅಪ್ಪಿತಪ್ಪಿಯೂ ಸಿಕ್ಕಿಸಬೇಡಿ.

ಈಗ ಕರೆಂಟ್ ವಿಷಯ. ಶಿವಮೊಗ್ಗ ಪೇಟೆಯೊಳಗೆ ತೊಂದರೆ ಇಲ್ಲ. ಲೈನಿನ ಕೊನೆಯ ಹಳ್ಳಿಗಳಲ್ಲಿ, ತೋಟದ ಪಂಪ್‌ಸೆಟ್ ಓಡುವ ಹೊತ್ತಿಗೆ, ನನ್ನ ಮೀಟರ್ 180 ತೋರಿಸಿದ್ದಿದೆ. ಮಾಮೂಲಿ ಟ್ರಾನ್ಸ್‌ಫಾರ್ಮರ್ ಇರುವ ಆಂಪ್‌ನಲ್ಲಿ ಹೊರಗಿನ ವೋಲ್ಟೇಜ್ ಎಷ್ಟು ಬೀಳುತ್ತೋ ಒಳಗಿನ ಸಪ್ಲೈಯೂ ಅಷ್ಟೇ ಪಾಲು ಬೀಳುತ್ತೆ. 230ಕ್ಕೆ 180 ಅಂದರೆ ಶೇಕಡಾ 78. ಪವರ್ ಅದರ ವರ್ಗಕ್ಕೆ ತಕ್ಕ ಹಾಗೆ ಇಳಿಯುವುದರಿಂದ ಉಳಿಯೋದು ಶೇಕಡಾ 61. 700 ವಾಟ್ಸ್‌ಗೆ ದುಡ್ಡು ಕೊಟ್ಟು ಹಳ್ಳಿಯಲ್ಲಿ 430ಕ್ಕೆ ಕ್ಲಿಪ್ ಲೈಟ್ ನೋಡಿದ ಹಾಗಾಯ್ತು, ಅಲ್ವಾ?

ಇದನ್ನು ಕಾಗದದ ಮೇಲೆ ನಂಬುವ ಬದಲು ಅಳತೆ ಮಾಡಿಯೇ ನೋಡಿದೆ. ಸ್ಪೀಕರ್ ಬದಲಿಗೆ ನೀರು ಕಾಯಿಸುವ ಹೀಟರ್ ರಾಡ್‌ಗಳು. 1000 ವಾಟ್ಸ್‌ನ ಒಂದು ರಾಡ್ ಸುಮಾರು 53 ಓಮ್ಸ್ ಇರುತ್ತೆ. ಏಳನ್ನು ಪ್ಯಾರಲಲ್ ಮಾಡಿ ಪ್ಲಾಸ್ಟಿಕ್ ಡ್ರಮ್‌ನ ನೀರಿಗೆ ಇಳಿಬಿಟ್ಟರೆ ಏಳೂವರೆ ಓಮ್ಸ್‌ನ ಲೋಡ್ ಸಿದ್ಧ, ಎಷ್ಟು ಹೊತ್ತು ಓಡಿಸಿದರೂ ಸದ್ದಿಲ್ಲ. ಆಂಪ್‌ಗೆ ಕರೆಂಟ್ ಕೊಟ್ಟಿದ್ದು ವೋಲ್ಟೇಜ್ ಏರಿಸಿ ಇಳಿಸುವ ಡಿಮ್ಮರ್‌ಸ್ಟ್ಯಾಟ್ ಮೂಲಕ, ರಿಪೇರಿ ಅಂಗಡಿಯ ಗೆಳೆಯನದು. 60 ಹರ್ಟ್ಜ್ ಟೋನ್ ಹಾಕಿ, ಕ್ಲಿಪ್ ಲೈಟ್ ಮಿಣುಕುವ ತನಕ ಏರಿಸಿ, ಔಟ್‌ಪುಟ್‌ನಲ್ಲಿ ಮೀಟರ್ ಹಿಡಿಯೋದು. ಟ್ರಾನ್ಸ್‌ಫಾರ್ಮರ್ ಆಂಪ್ 230ರಲ್ಲಿ 72 ವೋಲ್ಟ್ ಕೊಟ್ಟಿತು. ಡಿಮ್ಮರ್ ತಿರುಗಿಸಿ 180ಕ್ಕೆ ತಂದರೆ 56. ಲೆಕ್ಕ ಹೇಳಿದ ಹಾಗೇ ಬಂತು. ಪಿಎಫ್‌ಸಿ (ಹೊರಗೆ ವೋಲ್ಟೇಜ್ ಬಿದ್ದರೂ ಒಳಗಿನದನ್ನು ಸ್ಥಿರವಾಗಿಡುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್, ಅಂದರೆ ಸ್ವಿಚಿಂಗ್ ಸಪ್ಲೈನ ಕ್ಲಾಸ್ ಡಿ ಆಂಪ್ ಮಾತ್ರ 170ರಲ್ಲೂ ಜಗ್ಗಲಿಲ್ಲ. ಅದನ್ನೇ ಸಬ್‌ಗೆ ತೆಗೆದುಕೊಂಡೆ.

ಎಸ್‌ಎಂಪಿಎಸ್ ಅಂದ ಕೂಡಲೇ ಎಲ್ಲವೂ ಹೀಗೆ ಅಂತಲ್ಲ. ರೆಗ್ಯುಲೇಷನ್ ಇಲ್ಲದ ಅಗ್ಗದ ಸಪ್ಲೈಗಳೂ ಟ್ರಾನ್ಸ್‌ಫಾರ್ಮರ್ ಥರವೇ ಕುಸಿಯುತ್ತವೆ. ಹಿಂಬದಿಯ ಲೇಬಲ್‌ನಲ್ಲಿ ಇನ್‌ಪುಟ್ 100ರಿಂದ 240 ಅಂತ ಇದೆಯಾ, ಪಿಎಫ್‌ಸಿ ಅಂತ ಕಾಗದದಲ್ಲಿ ಬರೆದಿದ್ದಾರಾ ನೋಡಿ. ಇನ್ನೊಂದು ಗಮನಿಸಬೇಕು. ಇಂಥ ಆಂಪ್ ವೋಲ್ಟೇಜ್ ಬಿದ್ದಷ್ಟೂ ಜಾಸ್ತಿ ಆಂಪಿಯರ್ ಎಳೆಯುತ್ತೆ. ತೆಳ್ಳಗಿನ ಎಕ್ಸ್‌ಟೆನ್ಷನ್ ವೈರ್ ಹಾಕಿದರೆ ಅದೇ ಬಿಸಿಯಾಗುತ್ತೆ. ನಾನು ಬೋರ್ಡಿನಿಂದ 4 ಸ್ಕ್ವೇರ್ ಎಂಎಂ ಕೇಬಲ್ ಎಳೆಯುತ್ತೇನೆ.

ಜನರೇಟರ್ ಮೇಲೂ ಕ್ಲಾಸ್ ಡಿಯಿಂದ ಅನುಕೂಲ. ಹಾಡಿನ ಸರಾಸರಿ ಪವರ್ ಆಂಪ್‌ನ ಪೂರ್ತಿ ಶಕ್ತಿಯ ಎಂಟನೇ ಒಂದು ಭಾಗ ಅಂತ ಹಿಡಿಯೋದು ರೂಢಿ. ಚಾನೆಲ್‌ಗೆ 800ರಂತೆ ಎರಡು ಚಾನೆಲ್‌ಗೆ ಅದು 200 ವಾಟ್ಸ್. ಅಷ್ಟು ಹೊರಗೆ ಕೊಡಲು ಹಳೇ ಥರದ ಕ್ಲಾಸ್ ಎಬಿ ಆಂಪ್ 700ರ ಹತ್ತಿರ ತಿನ್ನುತ್ತೆ, ಕ್ಲಾಸ್ ಡಿ ಅದರ ಅರ್ಧವನ್ನೂ ತಿನ್ನೋದಿಲ್ಲ. ತೂಕವೂ ಐದಾರು ಕೆಜಿ. ಕಾಲುಸಂಕ ದಾಟಿ ಸಾಮಾನು ಹೊತ್ತವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ಟಾಪ್‌ಗೂ ಕ್ಲಾಸ್ ಡಿ ಯಾಕೆ ಬೇಡ? ಟಾಪ್‌ಗೆ ನಾನು ಬೇಕಂತಲೇ ಕ್ಲಾಸ್ ಎಬಿ ಇಟ್ಟಿದ್ದೇನೆ. ಅದಕ್ಕೆ ಕರೆಂಟ್ ಅಷ್ಟು ಬೇಕಾಗೋದಿಲ್ಲ, ವೋಲ್ಟೇಜ್ ಬಿದ್ದರೂ 300 ವಾಟ್ಸ್ ಉಳಿಯುತ್ತೆ. ಹಾಳಾದರೆ ಸಿ5200, ಎ1943 ಟ್ರಾನ್ಸಿಸ್ಟರ್ ಜೋಡಿ ಶಿವಮೊಗ್ಗದಲ್ಲೇ ಸಿಗುತ್ತೆ, ಬದಲಾಯಿಸಲು ಬರುವ ಮೆಕ್ಯಾನಿಕ್ಕೂ ಸಿಗುತ್ತಾನೆ. ಕ್ಲಾಸ್ ಡಿ ಬೋರ್ಡ್ ಸುಟ್ಟರೆ ಸಾಮಾನ್ಯವಾಗಿ ಬೋರ್ಡೇ ಬದಲು. ಸಬ್ ಆಂಪ್ ಕೈಕೊಟ್ಟರೆ ಸಬ್ ಇಲ್ಲದೆ ಯಕ್ಷಗಾನ ನಡೆಯುತ್ತೆ. ಟಾಪ್ ಕೈಕೊಟ್ಟರೆ ಆಟವೇ ನಿಲ್ಲುತ್ತೆ.

ಸಬ್ ಆಂಪ್ ತಂದ ದಿನವೇ ಔಟ್‌ಪುಟ್ ಮಿತಿ ದಾಟದ ಹಾಗೆ ತಡೆಯುವ ಲಿಮಿಟರ್ ಕೂರಿಸಿದೆ. 600 ವಾಟ್ಸ್, 8 ಓಮ್ಸ್ ಅಂದರೆ 69 ವೋಲ್ಟ್. ಸ್ಪೀಕರ್ ಕಳಚಿ, ಅದೇ 60 ಹರ್ಟ್ಜ್ ಟೋನ್ ಕೊಟ್ಟು, ಪ್ರೊಸೆಸರ್‌ನಲ್ಲಿ ಲಿಮಿಟರ್ ಇಳಿಸುತ್ತಾ ಬಂದು 65ರಲ್ಲಿ ನಿಲ್ಲಿಸಿದೆ. ಸಾಮಾನ್ಯ ಮಲ್ಟಿಮೀಟರ್ 50, 60 ಹರ್ಟ್ಜ್‌ನಲ್ಲಿ ಸರಿ ಓದುತ್ತೆ, ಸಾವಿರ ಹರ್ಟ್ಜ್ ಹಾಕಿದರೆ ಅದರ ಮಾತು ನಂಬಬೇಡಿ. ಟರ್ಮಿನಲ್ ಮುಟ್ಟಬೇಡಿ, ಆ ವೋಲ್ಟೇಜ್ ಹೊಡೆಯುತ್ತೆ. 35 ಹರ್ಟ್ಜ್ ಕೆಳಗಿನದನ್ನೂ ಕತ್ತರಿಸಿದ್ದೇನೆ. ಪೋರ್ಟ್ ಟ್ಯೂನಿಂಗ್‌ಗಿಂತ ಕೆಳಗೆ ಕೋನ್‌ಗೆ ಹಿಡಿತ ಇರೋದಿಲ್ಲ, ಸುಮ್ನೆ ಮುಂದೆ ಹಿಂದೆ ಹಾರಾಡುತ್ತೆ.

ಪ್ರೋಗ್ರಾಂ ಜಾಗದಲ್ಲಿ ಪ್ಲಗ್ ಹಾಕುವ ಮುಂಚೆ ಮೀಟರ್ ಹಿಡಿಯುವ ಅಭ್ಯಾಸ ಬಿಟ್ಟಿಲ್ಲ. ತ್ರೀ ಫೇಸ್ ಕಂಬದಿಂದ ಎಳೆದ ಕಡೆ ನ್ಯೂಟ್ರಲ್ ಸಡಿಲ ಇದ್ದರೆ 230ರ ಜಾಗದಲ್ಲಿ 300 ದಾಟಬಹುದು, ಅದಕ್ಕೆ ಯಾವ ಪಿಎಫ್‌ಸಿಯೂ ತಡೆಯೋದಿಲ್ಲ. ರ‍್ಯಾಕಿನ ಒಳಗೆ ಹೈ ವೋಲ್ಟೇಜ್, ಲೋ ವೋಲ್ಟೇಜ್ ಕಟ್‌ಆಫ್ ಒಂದು ಇದೆ. ರ‍್ಯಾಕ್ ಸಬ್ ಪಕ್ಕದಲ್ಲೇ ಇರುತ್ತೆ, ಉದ್ದ ಬೇಕಾದರೆ ಸಿಗ್ನಲ್ ಕೇಬಲ್ ಉದ್ದ ಮಾಡುತ್ತೇನೆ.

ಮಳೆಗಾಲದಲ್ಲಿ ಬುಕಿಂಗ್ ಇರೋದಿಲ್ಲ, ಆದರೂ ವಾರಕ್ಕೊಮ್ಮೆ ಎರಡೂ ಆಂಪ್ ಅರ್ಧ ಗಂಟೆ ಆನ್ ಮಾಡಿ ಬೆಚ್ಚಗೆ ಮಾಡುತ್ತೇನೆ. ಫ್ಯಾನ್ ಬಾಯಿಗೆ ಸ್ಪಂಜ್ ಫಿಲ್ಟರ್ ಇದೆ, ಇಲ್ಲದಿದ್ದರೆ ಹಲ್ಲಿ ಒಳಗೇ ಸಂಸಾರ ಹೂಡುತ್ತೆ. ಸಬ್‌ನ ಕಾಗದದ ಕೋನ್‌ಗೆ ಬೂಸ್ಟು ಹಿಡಿಯದ ಹಾಗೆ ಬಾಕ್ಸ್‌ಗಳನ್ನು ನೆಲ ಬಿಟ್ಟು, ಅಟ್ಟದ ಮೇಲೆ ಅಡಿಕೆ ಚೀಲದ ಪಕ್ಕ ಇಡುತ್ತೇನೆ. ಮನೆಯವರಿಗೆ ಅದೊಂದೇ ಬೇಜಾರು.