ಕ್ಯೂ ಜ್ವರದ ನ್ಯುಮೋನಿಯಾ: ಎರಡನೆಯ ರಕ್ತ ಸಿಕ್ಕಿದ ಮೇಲೆ

ಸೆಫ್ಟ್ರಿಯಾಕ್ಸೋನ್ ಎಂಬ ಪ್ರತಿಜೀವಕಕ್ಕೆ ಬಗ್ಗದ ನ್ಯುಮೋನಿಯಾಗಳಲ್ಲಿ ಕೆಲವಾದರೂ ಕುರಿ ಮೇಕೆಗಳಿಂದ ಮನುಷ್ಯರಿಗೆ ತಗಲುವ ಬ್ಯಾಕ್ಟೀರಿಯಾ ಸೋಂಕಾದ ಕ್ಯೂ ಜ್ವರವೆಂದು ನಾನು ಐದಾರು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಚಳ್ಳಕೆರೆ, ಹಿರಿಯೂರು, ಸಿರಾ ಕಡೆಯ ಕುರಿಹಟ್ಟಿಗಳ ನಡುವೆ ವೃತ್ತಿ ಮಾಡುವವನಿಗೆ ಈ ಅನುಮಾನ ಬಾರದಿದ್ದರೇ ಆಶ್ಚರ್ಯ. ಆದರೂ ಸಹೋದ್ಯೋಗಿಗಳು ಒಪ್ಪುತ್ತಿರಲಿಲ್ಲ, ಅವರ ಆಕ್ಷೇಪದಲ್ಲಿ ಹುರುಳೂ ಇತ್ತು. ಡಾಕ್ಸಿಸೈಕ್ಲಿನ್ ಕೊಟ್ಟಿರಿ, ಜ್ವರ ಇಳಿಯಿತು. ಸ್ಕ್ರಬ್ ಟೈಫಸ್ಸೂ ಅದಕ್ಕೇ ಇಳಿಯುತ್ತದೆ, ಮೈಕೋಪ್ಲಾಸ್ಮಾ ಕೂಡ ಇಳಿಯುತ್ತದೆ, ಕ್ಯೂ ಜ್ವರವಂತೂ ಎಷ್ಟೋ ಸಲ ಔಷಧವಿಲ್ಲದೆಯೇ ಎರಡು ವಾರದಲ್ಲಿ ವಾಸಿಯಾಗುತ್ತದೆ, ಹಾಗಿರುವಾಗ ನಿಮ್ಮ ರೋಗನಿರ್ಣಯ ಎಲ್ಲಿದೆ ಎಂದು ಅವರು ಕೇಳುತ್ತಿದ್ದರು. ಇದಕ್ಕೆ ಜೋಡಿ ರಕ್ತವಲ್ಲದೆ, ಎಂದರೆ ಜ್ವರವಿದ್ದಾಗ ಒಮ್ಮೆ, ಮೂರು ವಾರಗಳ ಬಳಿಕ ಇನ್ನೊಮ್ಮೆ ರಕ್ತ ತೆಗೆದು ಪ್ರತಿಕಾಯ ಎಷ್ಟು ಏರಿತೆಂದು ಹೋಲಿಸುವುದಲ್ಲದೆ, ಬೇರೆ ಉತ್ತರವಿರಲಿಲ್ಲ. ಆ ಜೋಡಿಯನ್ನು ಕೂಡಿಸುವಷ್ಟರಲ್ಲಿ ನನ್ನ ಎರಡು ವರ್ಷಗಳು ಮತ್ತು ಗಣನೀಯ ಮೊತ್ತದ ಹಣ ಕರಗಿಹೋದವು.

ಮೊದಲ ರೋಗಿ ನಲವತ್ತರ ಆಸುಪಾಸಿನ ಕುರಿಗಾಹಿ. ಹತ್ತು ದಿನಗಳಿಂದ ಜ್ವರ, ಒಣಕೆಮ್ಮು, ಕೆಮ್ಮಿಗಿಂತ ಹೆಚ್ಚಾಗಿ ಕಾಡುವ ತಲೆನೋವು. ಎಕ್ಸ್‌ರೇಯಲ್ಲಿ ಬಲಗಡೆಯ ಕೆಳಭಾಗದಲ್ಲಿ ಮಬ್ಬು. ಬಿಳಿ ರಕ್ತಕಣ ಏಳು ಸಾವಿರದ ಹತ್ತಿರ, ಪ್ಲೇಟ್‌ಲೆಟ್ ಲಕ್ಷದ ಸುತ್ತ, ಯಕೃತ್ತಿನ ಕಿಣ್ವವಾದ ಎಸ್‌ಜಿಪಿಟಿ ಮಾಮೂಲಿಗಿಂತ ಮೂರು ಪಟ್ಟು. ನನ್ನಲ್ಲಿಗೆ ಬರುವ ಮೊದಲೇ ಬೇರೊಂದು ಕಡೆ ದುಬಾರಿ ಇಂಜೆಕ್ಷನ್‌ಗಳಿಗೆಂದು ಐವತ್ತು ಸಾವಿರಕ್ಕೂ ಮಿಕ್ಕಿ ಖರ್ಚಾಗಿ, ಆತ ಐದಾರು ಕುರಿ ಮಾರಿದ್ದ. ಕಫದಲ್ಲಿ ಕ್ಷಯದ ರೋಗಾಣು ಹುಡುಕುವ ಸಿಬಿನ್ಯಾಟ್ ಪರೀಕ್ಷೆ ಋಣಾತ್ಮಕವಿದ್ದರೂ ಕ್ಷಯದ ಮಾತ್ರೆ ಆರಂಭಿಸುವ ಮಾತು ನಡೆದಿತ್ತು. ನಾನು ಡಾಕ್ಸಿ 100 ಮಿ.ಗ್ರಾಂ. ದಿನಕ್ಕೆರಡು ಸಲ ಆರಂಭಿಸಿ, ರಕ್ತವನ್ನು ಬೆಂಗಳೂರಿಗೆ ಕಳಿಸಿದೆ. ಮೂರನೆಯ ದಿನ ಜ್ವರ ಇಳಿಯಿತು. ಐದನೆಯ ದಿನ ಪ್ರತಿಕಾಯವಿಲ್ಲವೆಂದು ವರದಿ ಬಂದದ್ದೇ ನಾನು ಧೈರ್ಯಗೆಟ್ಟು ಡಾಕ್ಸಿ ನಿಲ್ಲಿಸಿದೆ. ವಾರದೊಳಗೆ ಆತ ಅದೇ ಜ್ವರ ಹೊತ್ತು ಹಿಂದಿರುಗಿದ. ಈ ರೋಗದಲ್ಲಿ ಮೊದಲು ಏರುವ ಫೇಸ್ 2 ಐಜಿಜಿ ಪ್ರತಿಕಾಯ ಮೂಡಲು ಒಂದರಿಂದ ಎರಡು ವಾರ ಬೇಕಾಗುತ್ತದೆ, ಆರಂಭದ ಋಣಾತ್ಮಕ ವರದಿಯಿಂದ ರೋಗವನ್ನು ತಳ್ಳಿಹಾಕಲಾಗದು ಎಂಬುದು ಪರೀಕ್ಷೆಗೆ ಓದಿದ್ದ ಪಾಠವೇ; ಕೈಯಲ್ಲಿ ವರದಿ ಇದ್ದಾಗ ಅದು ನೆನಪಾಗಲಿಲ್ಲ. ಮತ್ತೆ ಆರಂಭಿಸಿ ಹದಿನಾಲ್ಕು ದಿನ ಪೂರ್ತಿ ಕೊಟ್ಟೆ. ಅಷ್ಟೂ ದಿನದ ಮಾತ್ರೆಗೆ ನೂರು ರೂಪಾಯಿಯ ಆಚೀಚೆ ಆಗಿರಬೇಕು.

ಅಲ್ಲಿಂದ ಮುಂದೆ ಎರಡನೆಯ ರಕ್ತದ ಹಿಂದೆ ಬಿದ್ದೆ. ಮೊದಲ ಬೇಸಿಗೆಯಲ್ಲಿ ಆರು ಟ್ಯೂಬುಗಳನ್ನು ಸೀರಂ (ರಕ್ತದ ತಿಳಿದ್ರವ) ಬೇರ್ಪಡಿಸದೆ ಬಸ್ಸಿನಲ್ಲಿ ಕಳಿಸಿದ್ದರಿಂದ ರಕ್ತಕಣಗಳು ಒಡೆದು ಆರೂ ಕೆಂಪಾಗಿ ತಿರಸ್ಕೃತವಾದವು. ತಪ್ಪು ನನ್ನದೇ. ಅದಕ್ಕಿಂತ ದೊಡ್ಡ ತೊಡಕು ರೋಗಿಯೇ. ಮೂರು ವಾರಗಳ ಬಳಿಕ ಬನ್ನಿ ಎಂದರೆ, ಜ್ವರ ಬಿಟ್ಟ ಕುರಿಗಾಹಿ ಯಾರದೋ ಹೊಲದಲ್ಲಿ ಮಂದೆ ನಿಲ್ಲಿಸಿಕೊಂಡು ಎರಡು ತಾಲ್ಲೂಕು ಆಚೆ ಇರುತ್ತಾನೆ. ಬಸ್ ಚಾರ್ಜು ಕೊಟ್ಟು ನೋಡಿದೆ, ಫೋನ್ ಮಾಡಿಸಿದೆ. ಹತ್ತರಲ್ಲಿ ಇಬ್ಬರು ಬಂದರು. ಈಗ ಹತ್ತರಲ್ಲಿ ಆರೇಳು ಮಂದಿ ಬರುತ್ತಾರೆ. ಅವರನ್ನು ಕರೆತರುವ ಉಪಾಯವನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದರಲ್ಲಿ ಹಣದ ಆಮಿಷವಿಲ್ಲ, ಹಟ್ಟಿಯ ಹಿರಿಯ ಹೆಣ್ಣುಮಕ್ಕಳ ಸಹಕಾರವಿದೆ ಎಂದಷ್ಟೇ ತಿಳಿಸುತ್ತೇನೆ.

ಹಣದ ಲೆಕ್ಕವನ್ನೂ ಬದಲಿಸಿದೆ. ಒಂದು ಪರೀಕ್ಷೆಗೆ ಸುಮಾರು ಮೂರು ಸಾವಿರ ಬೀಳುತ್ತಿತ್ತು. ಮೊದಲ ಏಳೆಂಟು ಮಂದಿಯದನ್ನು ನನ್ನ ಜೇಬಿನಿಂದಲೇ ಕೊಟ್ಟೆ. ಈಗ ಮೊದಲ ಸೀರಂ ಅನ್ನು ಪರೀಕ್ಷಿಸದೆ ಫ್ರೀಜರಿನಲ್ಲಿಟ್ಟು, ಎರಡನೆಯದು ಬಂದ ಮೇಲೆ ಎರಡನ್ನೂ ಒಂದೇ ಪ್ರಯೋಗಾಲಯಕ್ಕೆ ಕಳಿಸಿ ಒಂದೇ ದಿನ ಪರೀಕ್ಷೆ ಮಾಡಿಸುತ್ತೇನೆ. ರೋಗಿ ಬಾರದಿದ್ದರೆ ಖರ್ಚಿಲ್ಲ. ಬಂದರೆ ಟೈಟರ್‌ನ, ಎಂದರೆ ಪ್ರತಿಕಾಯದ ಮಟ್ಟದ, ನಾಲ್ಕು ಪಟ್ಟು ಏರಿಕೆಯನ್ನು ಯಾರೂ ಪ್ರಶ್ನಿಸುವಂತಿಲ್ಲ. ಚಿಕಿತ್ಸೆ ಹೇಗಿದ್ದರೂ ವರದಿಗಾಗಿ ಕಾಯುವುದಿಲ್ಲವಲ್ಲ.

ಕೇಳುವ ಪ್ರಶ್ನೆಯೂ ಬದಲಾಯಿತು. ಕುರಿ ಮುಟ್ಟುತ್ತೀರಾ ಎಂದು ಕೇಳಿದರೆ, ‘ಕುರಿ ಮುಟ್ಟದೆ ಹೊಟ್ಟೆ ತುಂಬುತ್ತದೆಯೇ ಸ್ವಾಮಿ’ ಎನ್ನುತ್ತಾರೆ. ಎರಡು-ಮೂರು ವಾರಗಳ ಹಿಂದೆ ಹತ್ತಿರದಲ್ಲಿ ಕುರಿ ಮೇಕೆ ಈದಿತ್ತೇ, ಕಂದು ಹಾಕಿತ್ತೇ, ಮಾಸನ್ನು ಎಳೆದವರು ಯಾರು ಎಂದು ಕೇಳಬೇಕು; ರೋಗಾಣು ಅತಿ ಹೆಚ್ಚಾಗಿ ತುಂಬಿರುವುದು ಮಾಸಿನಲ್ಲಿ. ಇದಕ್ಕೂ ಸಿಕ್ಕದೆ ಹೋದವನೊಬ್ಬ ಕುರಿಗೊಬ್ಬರವನ್ನು ಲಾರಿಗೆ ತುಂಬುವ ಹಮಾಲಿ. ಆತ ಕುರಿ ಸಾಕಿದವನಲ್ಲ, ಹಟ್ಟಿಯೊಳಗೆ ಕಾಲಿಟ್ಟವನೂ ಅಲ್ಲ. ಆದರೆ ಮಲೆನಾಡಿನ ತೋಟಗಳಿಗೆ ಹೋಗುವ ಒಣಗೊಬ್ಬರದ ಧೂಳನ್ನು ದಿನವಿಡೀ ಉಸಿರಾಡಿದ್ದ. ಅವನ ಟೈಟರ್ ಏರಿದ ದಿನ ನಾನು ಆ ವರದಿಯನ್ನು ಜೇಬಿನಲ್ಲಿಟ್ಟುಕೊಂಡು ಇಡೀ ವಾರ್ಡ್ ಸುತ್ತಿದೆನೆಂದು ಒಪ್ಪಿಕೊಳ್ಳುತ್ತೇನೆ.

ನಡುವೆ ಅಡ್ಡದಾರಿಗಳನ್ನೂ ಹಿಡಿದೆ. ಟೈಫಸ್ ಜ್ವರಗಳಿಗೆ ಮಾಡುವ ವೈಲ್-ಫೆಲಿಕ್ಸ್ ರಕ್ತಪರೀಕ್ಷೆ ಅಗ್ಗವೆಂದು ಹದಿನೈದು ಮಂದಿಗೆ ಮಾಡಿಸಿದೆ. ಕ್ಯೂ ಜ್ವರದಲ್ಲಿ ಅದು ಮಿಸುಕುವುದಿಲ್ಲವೆಂದು ಗೊತ್ತಿದ್ದೂ ಮಾಡಿಸಿದ್ದು ಮೂರ್ಖತನ. ಪಶುವೈದ್ಯ ಮಿತ್ರರೊಬ್ಬರು ಕಂದು ಹಾಕಿದ ಕುರಿಗಳ ರಕ್ತವನ್ನು ಕಂದು ಹಾಕಿಸುವ ಇನ್ನೊಂದು ರೋಗಾಣುವಾದ ಬ್ರೂಸೆಲ್ಲಾಗೆ ಪರೀಕ್ಷಿಸಿದರು, ಏನೂ ಸಿಗಲಿಲ್ಲ. ಅದರಿಂದ ನನ್ನ ವಾದ ಗೆದ್ದಿತೆಂದು ಕುಣಿಯುವಂತಿರಲಿಲ್ಲ, ಏಕೆಂದರೆ ಕುರಿ ಕಂದು ಹಾಕಲು ಕಾರಣಗಳು ಹಲವು. ಅಜಿತ್ರೋಮೈಸಿನ್ ಒಂದನ್ನೇ ಕೊಟ್ಟ ಇಬ್ಬರಲ್ಲಿ ಜ್ವರ ಐದಾರು ದಿನ ಎಳೆಯಿತು. ಇಬ್ಬರನ್ನು ನೋಡಿ ತೀರ್ಪು ಕೊಡಲಾಗದಾದರೂ ನಾನು ಮತ್ತೆ ಆ ಕಡೆ ಹೋಗಿಲ್ಲ. ಗರ್ಭಿಣಿಯೊಬ್ಬರಿಗೆ ಮಾತ್ರ ಡಾಕ್ಸಿ ಬಿಟ್ಟು ಕೋಟ್ರೈಮೋಕ್ಸಝೋಲ್ ಮತ್ತು ಫೋಲಿಕ್ ಆಮ್ಲ ಕೊಟ್ಟು, ಹೆರಿಗೆ ವೈದ್ಯರ ಜೊತೆಗೂಡಿ ನೋಡಿಕೊಂಡೆ.

ಡಾಕ್ಸಿಯ ವಿಷಯದಲ್ಲಿ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುವ ಎಚ್ಚರಿಕೆ ನಮ್ಮ ಬಯಲುಸೀಮೆಯಲ್ಲಿ ದೊಡ್ಡದಾಗುತ್ತದೆ. ದಿನವಿಡೀ ಬಿಸಿಲಿನಲ್ಲಿ ನಿಲ್ಲುವವನ ಮುಖ, ಮುಂಗೈ ಸುಟ್ಟಂತಾಗಿ ಮೂವರು ಅರ್ಧಕ್ಕೇ ಮಾತ್ರೆ ಬಿಟ್ಟರು. ಈಗ ಕಂಬಳಿಯನ್ನು ತಲೆಯಿಂದ ಮುಂಗೈವರೆಗೆ ಹೊದ್ದುಕೊಳ್ಳಿ ಎಂದು ಮೊದಲೇ ಹೇಳುತ್ತೇನೆ. ಹಾಲಿನ ಜೊತೆ ಮಾತ್ರೆ ಬೇಡ, ದೊಡ್ಡ ಲೋಟದ ತುಂಬ ನೀರು ಕುಡಿಯಬೇಕು, ನುಂಗಿದ ಕೂಡಲೇ ಮಲಗಬಾರದು.

ಲೆಕ್ಕ ನೆನಪಿನಿಂದ ಹೇಳುವುದಾದರೆ, ಅನುಮಾನಿಸಿದವರು ಮೂವತ್ತರಷ್ಟು, ಜೋಡಿ ರಕ್ತ ಸಿಕ್ಕಿದ್ದು ಹದಿನೆಂಟು-ಹತ್ತೊಂಬತ್ತು ಮಂದಿಯದು, ನಾಲ್ಕು ಪಟ್ಟು ಏರಿದ್ದು ಎಂಟು ಮಂದಿಯಲ್ಲಿ. ಉಳಿದವರಲ್ಲಿ ಇಬ್ಬರು ಸ್ಕ್ರಬ್, ಮೂವರು ಕೊನೆಗೂ ಕ್ಷಯವೇ. ಆ ಮೂವರಲ್ಲಿ ಒಬ್ಬರನ್ನು ನನ್ನ ಉತ್ಸಾಹ ಹತ್ತು ದಿನ ತಡಮಾಡಿತು. ಅದಕ್ಕೇ ಡಾಕ್ಸಿ ಆರಂಭಿಸಿದ ದಿನವೇ ಕಫವನ್ನೂ ಮತ್ತೊಮ್ಮೆ ಕಳಿಸುತ್ತೇನೆ.

ಎಂಟು ಮಂದಿಯಲ್ಲಿ ಒಬ್ಬಾಕೆಗೆ ಬಾಲ್ಯದ ಸಂಧಿವಾತ ಜ್ವರದಿಂದ ಕೆಟ್ಟ ಮೈಟ್ರಲ್ ಕವಾಟವಿದೆ. ರೋಗ ಕವಾಟದಲ್ಲಿ ನೆಲೆಯೂರಿದರೆ ಡಾಕ್ಸಿ ಮತ್ತು ಹೈಡ್ರಾಕ್ಸಿಕ್ಲೋರೋಕ್ವಿನ್ ಹದಿನೆಂಟು ತಿಂಗಳಾದರೂ ಬೇಕು. ಆರು ತಿಂಗಳ ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೊಸದೇನೂ ಇಲ್ಲ, ರೋಗ ಹಾಗೆ ನೆಲೆಯೂರಿದರೆ ಏರುವ ಫೇಸ್ 1 ಟೈಟರ್ ಇನ್ನೂ ಕೆಳಗೇ ಇದೆ. ಮುಂದಿನ ರಕ್ತ ಯುಗಾದಿ ಕಳೆದ ಮೇಲೆ, ಅವರ ಮಂದೆ ಈ ಕಡೆ ಹಿಂದಿರುಗಿದಾಗ.