ಮೂರು ಡ್ಯಾಶ್‌ಬೋರ್ಡ್ ಯಾಕೆ, ಒಂದು ಸಾಕಲ್ವಾ?

ಮೈಸೂರಲ್ಲಿ ಆಫೀಸ್ ಮುಗಿಸಿ ರಾತ್ರಿ ಓಪನ್ ಸೋರ್ಸ್‌ಗೆ ಕೋಡ್ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಕನ್ನಡ ಕೀಬೋರ್ಡ್ ಮಾಡುವ ಒಂದು ಸಣ್ಣ ಗುಂಪು ಅಂತಲೇ ಇಟ್ಟುಕೊಳ್ಳಿ. ಕೋಡ್‌ನ ಟೆಸ್ಟ್‌ಗಳು ಪಾಸೋ ಫೇಲೋ ಅಂತ ತೋರಿಸುವ ಪೇಜ್, ಅಂದರೆ ಡ್ಯಾಶ್‌ಬೋರ್ಡ್, ಅವರ ಹತ್ತಿರ ಮೂರಿವೆ. ಟೆಸ್ಟ್‌ಗಳನ್ನು ತಾನಾಗಿಯೇ ಓಡಿಸುವ ಜೆಂಕಿನ್ಸ್‌ನ ಪೇಜ್ ಹಸಿರು (ಪಾಸ್) ತೋರಿಸುತ್ತದೆ, ಅದೇ ಕೆಲಸ ಮಾಡುವ ಗಿಟ್‌ಹಬ್ ಆಕ್ಷನ್ಸ್ ಕೆಂಪು (ಫೇಲ್), ಯಾವುದೋ ಕಾಲೇಜು ಹುಡುಗರು ಪ್ರಾಜೆಕ್ಟ್‌ಗೆ ಅಂತ ಮಾಡಿಟ್ಟುಹೋದ ಗ್ರಫಾನಾ (ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸುವ ಟೂಲ್) ಬೋರ್ಡ್ ಪೂರ್ತಿ ಖಾಲಿ. ಯಾವುದನ್ನು ನಂಬೋದು?

ಎಲ್ಲವನ್ನೂ ಸೇರಿಸಿ ಹೊಸದೊಂದು ಕಟ್ಟುವ ಆಸೆ ಮೊದಲು ಬಿಡಿ. ಮೂರು ಇದ್ದದ್ದು ನಾಲ್ಕಾಗುತ್ತದೆ, ಅಷ್ಟೇ. ಇರುವುದರಲ್ಲೇ ಒಂದನ್ನು ಉಳಿಸಿಕೊಳ್ಳಿ. ಸರ್ವರ್‌ನ ಆಕ್ಸೆಸ್ ಲಾಗ್ (ಯಾರು ಯಾವಾಗ ಯಾವ ಪೇಜ್ ತೆರೆದರು ಅನ್ನುವ ದಾಖಲೆ) ತೆಗೆದು, ತಾವಾಗಿಯೇ ಪೇಜ್ ತೆರೆಯುವ ಬಾಟ್ ಪ್ರೋಗ್ರಾಮ್‌ಗಳನ್ನು ಕಳೆದು, ಜನ ನಿಜವಾಗಿ ಯಾವ ಪೇಜ್ ತೆರೆಯುತ್ತಾರೆ ಅಂತ ನೋಡಿ. ರಿಲೀಸ್ ಮಾಡುವವರನ್ನು, ಅಂದರೆ ಹೊಸ ಆವೃತ್ತಿ ಹೊರಬಿಡುವವರನ್ನು, ಬಾಯಿಬಿಟ್ಟು ಕೇಳಿ. ಅವರು ಅಪರೂಪಕ್ಕೆ ನೋಡುವ ಪೇಜ್ ಲಾಗ್‌ನಲ್ಲಿ ಕಾಣದೇ ಹೋಗಬಹುದು, ಆದರೆ ಅದಿಲ್ಲದೆ ರಿಲೀಸೇ ಆಗಲ್ಲ.

ನಿಜವಾದ ತಲೆನೋವು ಪೇಜ್‌ಗಳಲ್ಲಿಲ್ಲ, ಲೆಕ್ಕದಲ್ಲಿದೆ. ಬಹಳಷ್ಟು ಟೂಲ್‌ಗಳು ಟೆಸ್ಟ್ ಫಲಿತಾಂಶ ಬರೆದಿಡುವ ಜೆಯೂನಿಟ್ ಎಕ್ಸ್‌ಎಂಎಲ್ ಫೈಲ್ ಕೊಡುತ್ತವೆ, ಆದರೆ ಒಂದೊಂದು ಒಂದೊಂದು ಥರ ಬರೆಯುತ್ತದೆ. ಪೈಥಾನ್ ಕೋಡ್ ಟೆಸ್ಟ್ ಮಾಡುವ ಪೈಟೆಸ್ಟ್‌ನಲ್ಲಿ ಅರ್ಕಾವತ್ತು ತಪ್ಪಾಗಿ ಬಂದು ಅಸರ್ಟ್ (ಉತ್ತರ ಸರಿಯಿದೆಯಾ ಅಂತ ನೋಡುವ ಸಾಲು) ಬಿದ್ದರೆ ಅದು 'ಫೇಲ್ಯೂರ್'. ಫಾಂಟ್ ಫೈಲೇ ಸಿಗದೆ ಟೆಸ್ಟ್‌ಗೆ ಮೊದಲಿನ ತಯಾರಿಯೇ (ಸೆಟಪ್) ಬಿದ್ದರೆ 'ಎರರ್'. ಒಂದು ಡ್ಯಾಶ್‌ಬೋರ್ಡ್ ಎರಡನ್ನೂ ಕೂಡಿಸುತ್ತದೆ, ಇನ್ನೊಂದು ಮೊದಲನೆಯದನ್ನು ಮಾತ್ರ ಎಣಿಸಿ ಹಸಿರು ಬಳಿದು ಕೂರುತ್ತದೆ. ಸ್ಕಿಪ್ ಆದದ್ದನ್ನು, ಅಂದರೆ ಓಡಿಸದೇ ಬಿಟ್ಟದ್ದನ್ನು, ಪಾಸ್ ಅನ್ನುವ ಪುಣ್ಯಾತ್ಮರೂ ಇದ್ದಾರೆ! ಪಾಸ್, ಫೇಲ್ಯೂರ್, ಎರರ್, ಸ್ಕಿಪ್, ಈ ನಾಲ್ಕನ್ನೂ ಬೇರೆ ಬೇರೆಯಾಗಿಯೇ ಇಡಿ.

ಪ್ರತಿ ರಿಸಲ್ಟ್‌ಗೂ ಕಮಿಟ್ ಹ್ಯಾಶ್ (ಕೋಡ್‌ನ ಯಾವ ಬದಲಾವಣೆ ಅಂತ ಹೇಳುವ ಗುರುತು), ಟೆಸ್ಟ್ ಹೆಸರು, ಯಾವ ಸಿಸ್ಟಮ್ ಅನ್ನುವುದು ಅಂಟಿಕೊಂಡಿರಲಿ. ಇಲ್ಲದಿದ್ದರೆ ಉಬುಂಟುವಿನ ಪಾಸ್ ಬಂದು ವಿಂಡೋಸ್‌ನ ಫೇಲ್ ಅನ್ನು ಮುಚ್ಚಿಹಾಕುತ್ತದೆ.

ಗಡಿಯಾರದ ವಿಷಯಕ್ಕೂ ಜಗಳ ಆಗುತ್ತದೆ. ನಮ್ಮ ಸಮಯ ರಾತ್ರಿ 1:30ಕ್ಕೆ ಓಡಿದ ಟೆಸ್ಟ್ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ) ಹಿಂದಿನ ದಿನದ 20:00. ಒಂದು ಪೇಜ್‌ನಲ್ಲಿ ಮಂಗಳವಾರ, ಇನ್ನೊಂದರಲ್ಲಿ ಸೋಮವಾರ, ಓಡಿದ್ದು ಒಂದೇ ಸಲ. ಯುಟಿಸಿಯಲ್ಲಿ ಉಳಿಸಿ, ನಮ್ಮ ಸಮಯದಲ್ಲಿ ತೋರಿಸಿ.

ಲಿನಕ್ಸ್‌ನ ತಿರುಳಾದ ಕರ್ನಲ್ ಬರೆಯುವವರದ್ದೂ ಇದೇ ದಾರಿ. ಬೇರೆ ಬೇರೆ ಟೆಸ್ಟ್ ವ್ಯವಸ್ಥೆಗಳ ಫಲಿತಾಂಶ ಒಂದೇ ಕಡೆ ಬೀಳಲಿ ಅಂತ ಕರ್ನಲ್ ಟೆಸ್ಟ್ ಮಾಡುವ ಕರ್ನಲ್‌ಸಿಐ ಯೋಜನೆ ಕೆಸಿಐಡಿಬಿ ಅನ್ನುವ ಡೇಟಾಬೇಸ್ ಮಾಡಿಕೊಂಡಿದೆ.

ಆಮೇಲೆ ಸ್ವಲ್ಪ ದಿನ ಹಳೆಯದು, ಉಳಿಸಿಕೊಂಡದ್ದು ಎರಡೂ ಜೊತೆಗೆ ಓಡಲಿ. ಅಂಕಿ ಹೊಂದದಿದ್ದರೆ ಕಾರಣ ಸಿಗುವವರೆಗೂ ಹಳೆಯದನ್ನು ಮುಟ್ಟಬೇಡಿ. ಇನ್ನೊಂದು ವಿಷಯ, ಗಿಟ್‌ಹಬ್ ಆಕ್ಷನ್ಸ್‌ನ ಲಾಗ್‌ಗಳು ನೀವು ಸೆಟ್ಟಿಂಗ್ ಬದಲಿಸದಿದ್ದರೆ 90 ದಿನಕ್ಕೆ ಅಳಿಸಿಹೋಗುತ್ತವೆ. ಹಳೆಯ ಎಕ್ಸ್‌ಎಂಎಲ್ ಫೈಲ್‌ಗಳನ್ನು ಬೇರೆ ಕಡೆ ಎತ್ತಿಟ್ಟುಕೊಳ್ಳಿ.

ಮುಚ್ಚುವಾಗ ಸುಮ್ನೆ ಸರ್ವರ್ ಆಫ್ ಮಾಡಬೇಡಿ. ಹಳೆಯ ಬಗ್ ರಿಪೋರ್ಟ್‌ಗಳಲ್ಲೆಲ್ಲ ಆ ಲಿಂಕ್‌ಗಳು ಇರುತ್ತವೆ ಅಲ್ವಾ? 301 ರೀಡೈರೆಕ್ಟ್ (ಹಳೆಯ ಲಿಂಕ್ ಒತ್ತಿದವರನ್ನು ಹೊಸ ವಿಳಾಸಕ್ಕೆ ಕಳಿಸುವ ವ್ಯವಸ್ಥೆ) ಹಾಕಿ, ಆದಷ್ಟೂ ಅದೇ ಟೆಸ್ಟ್‌ನ ಹೊಸ ಪೇಜ್‌ಗೆ. ಎಲ್ಲವನ್ನೂ ಮುಖಪುಟಕ್ಕೆ ತಳ್ಳಿದರೆ ಬಂದವರು ಬೈದುಕೊಂಡೇ ವಾಪಸ್ ಹೋಗುತ್ತಾರೆ. ಪ್ರಾಜೆಕ್ಟ್‌ನ ಪರಿಚಯ ಪುಟವಾದ ರೀಡ್‌ಮೀಯಲ್ಲಿ ಪಾಸ್/ಫೇಲ್ ತೋರಿಸುವ ಬ್ಯಾಡ್ಜ್ ಬದಲಿಸಿ, ನಿಗದಿತ ಹೊತ್ತಿಗೆ ತಾವಾಗಿಯೇ ಓಡುವ ಹಳೆಯ ಕ್ರಾನ್ ಕೆಲಸಗಳನ್ನು ನಿಲ್ಲಿಸಿ, ಆ ಡ್ಯಾಶ್‌ಬೋರ್ಡ್‌ಗೆ ಒಳಬರಲು ಕೊಟ್ಟಿದ್ದ ಟೋಕನ್‌ಗಳನ್ನು (ಗುಟ್ಟಿನ ಕೀಲಿಗಳನ್ನು) ಅವತ್ತೇ ರದ್ದು ಮಾಡಿ.